ಕುಂಟು ಮೀನಿನ ಗುಟ್ಟು

ಮೋಸ ಮಾಡಬಾರದೆಂದು ನಾವೆಲ್ಲರೂ ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಆದರೆ ಈಗ ನಾನು ನಿಮ್ಮ ಮುಂದೆ ಇಡಹೊರಟಿರುವುದು ಒಂದು ಮೋಸದ ಕಥೆಯನ್ನೇ. ಮೋಸ ಹೋದದ್ದು ಮೀನು. ಮೋಸ ಮಾಡಿದ್ದು ಅಂಗೈಯುದ್ದವೂ ಇಲ್ಲದ ಒಂದು ಬೆಂಡಿನ ತುಂಡು. ನಿಮ್ಮ ಮನೆಯಲ್ಲಿ ಮೀನಿನ ಅಡಿಗೆಯಾಗುವ ರೂಢಿಯಿರಲಿ, ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ರೂಢಿಯಿರಲಿ, ಈ ಕಥೆಗೆ ಅದರಿಂದ ಬಾಧೆಯಿಲ್ಲ. ಇದು ನಾಲಿಗೆಗೆ ಸಂಬಂಧಪಟ್ಟ ಮಾತಲ್ಲ, ಕಣ್ಣಿಗೆ ಸಂಬಂಧಪಟ್ಟ ಮಾತು.

ಗಾಳ ಹಾಕುವವರು ಕೊಕ್ಕೆಗೆ ಎರೆ ಸಿಕ್ಕಿಸುತ್ತಾರೆಂಬುದನ್ನು ನೀವು ಬಲ್ಲಿರಿ. ಹಳ್ಳದ ಸಣ್ಣ ಮೀನಿಗೆ ಎರೆಹುಳು, ಕೆರೆಯ ಕೊರವ ಮೀನಿಗೆ ಕಪ್ಪೆ. ಕಾವೇರಿಯ ದೊಡ್ಡ ಮಹಶೀರಿಗೆ ನಮ್ಮ ರಾಗಿಯ ಮುದ್ದೆಯೇ ಆದೀತು. ಇವೆಲ್ಲ ನಿಜವಾದ ಎರೆಗಳು, ರುಚಿಯುಂಟು, ವಾಸನೆಯುಂಟು. ಇವಲ್ಲದೆ ಇನ್ನೊಂದು ಬಗೆಯುಂಟು. ತಗಡು, ಮರ, ಹಕ್ಕಿಯ ಗರಿ ಮೊದಲಾದವುಗಳಿಂದ ಮಾಡಿದ ಹುಸಿ ಎರೆ. ಇದರಲ್ಲಿ ತಿನ್ನುವಂಥದು ಏನೂ ಇಲ್ಲ. ಇತರ ಮೀನುಗಳನ್ನು ಹಿಡಿದು ತಿನ್ನುವ ಬೇಟೆಗಾರ ಮೀನುಗಳಿಗಾಗಿ ಮಾಡಿದ್ದು ಇದು. ಅಂಥ ಮೀನು ತಿನಿಸಿನ ವಾಸನೆ ಹಿಡಿದು ನಿಧಾನವಾಗಿ ಬರುವುದಕ್ಕಿಂತ ಹೆಚ್ಚಾಗಿ, ಓಡುವುದನ್ನು ಕಂಡು ಮೇಲೆ ಬೀಳುತ್ತದೆ. ಆದ್ದರಿಂದ ಹುಸಿ ಎರೆ ಏನಾಗಿದೆ ಎಂಬುದು ಮುಖ್ಯವಲ್ಲ, ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ಈ ವಿದ್ಯೆ ಹೊಸದಲ್ಲ. ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಜೂಲಿಯೋ ಬ್ಯುಯೆಲ್ ಎಂಬಾತ ದೋಣಿಯಲ್ಲಿ ಕುಳಿತು ಊಟ ಮಾಡುತ್ತಿದ್ದಾಗ ಕೈಯ ಚಮಚ ಜಾರಿ ಸರೋವರಕ್ಕೆ ಬಿತ್ತಂತೆ. ಹೊಳೆಯುತ್ತ, ತೊನೆಯುತ್ತ ಮುಳುಗುತ್ತಿದ್ದ ಚಮಚವನ್ನು ದೊಡ್ಡ ಮೀನೊಂದು ಬಂದು ಕಚ್ಚಿತಂತೆ. ಈ ಕಥೆಗೆ ಉಪ್ಪುಖಾರ ಸೇರಿರಬಹುದು. ಆದರೆ ಆತ 1852ರಲ್ಲಿ ಹುಸಿ ಎರೆಗೆ ಪೇಟೆಂಟ್ ಪಡೆದದ್ದು ದಿಟ. ಆಮೇಲೆ ಅಂಗಡಿಗಳಲ್ಲಿ ಬಗೆಬಗೆಯ ಎರೆಗಳು ಬಂದವು. ಬಣ್ಣ ಬಳಿದವು, ಗಾಜಿನ ಕಣ್ಣಿಟ್ಟವು, ಗಿರಗಿರನೆ ತಿರುಗುವ ರೆಕ್ಕೆ ಕಟ್ಟಿದವು. ನೋಡುವುದಕ್ಕೆ ಒಂದಕ್ಕಿಂತ ಒಂದು ಸೊಗಸು. ಆದರೆ ಸೊಗಸೆನ್ನುವುದು ಯಾರ ಕಣ್ಣಿಗೆ? ಅಂಗಡಿಯಲ್ಲಿ ಕಾಸು ಕೊಡುವವನು ಮನುಷ್ಯ. ನೀರಿನಲ್ಲಿ ಬಾಯಿ ಹಾಕಬೇಕಾದದ್ದು ಮೀನು. ಈ ಇಬ್ಬರು ಗಿರಾಕಿಗಳ ಅಭಿರುಚಿ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ!

ಈ ಭೇದವನ್ನು ಚೆನ್ನಾಗಿ ಕಂಡುಕೊಂಡವನು ಉತ್ತರ ಯೂರೋಪಿನ ಫಿನ್ಲೆಂಡ್ ದೇಶದ ಒಬ್ಬ ಬಡ ಮೀನುಗಾರ. ಅವನ ಹೆಸರು ಲೌರಿ ರಾಪಾಲ. ಹುಟ್ಟಿದ್ದು 1905ರಲ್ಲಿ, ಸೂಸ್ಮ ಎಂಬ ಊರಿನಲ್ಲಿ. ಫಿನ್ಲೆಂಡ್ ಸರೋವರಗಳ ನಾಡು. ಅಲ್ಲಿ ಪೈಯನ್ನೆ ಎಂಬ ಸರೋವರ ಒಂದಿದೆ. ಉದ್ದ ಸುಮಾರು 120 ಕಿಲೋಮೀಟರು. ಆ ದೇಶದ ಸರೋವರಗಳಲ್ಲೆಲ್ಲ ಅತ್ಯಂತ ಆಳವಾದದ್ದು. ಅದರ ತೀರದ ಆಸಿಕ್ಕಾಲ ಎಂಬಲ್ಲಿ ರಾಪಾಲನ ಸಂಸಾರ. ಚಳಿಗಾಲದಲ್ಲಿ ಕಾಡಿನಲ್ಲಿ ಮರ ಕಡಿಯುವ ಕೂಲಿ, ಬೇಸಗೆಯಲ್ಲಿ ಮೀನುಗಾರಿಕೆ. ಪೈಕ್, ಪರ್ಚ್, ಟ್ರೌಟ್ ಎಂಬ ಬೇಟೆಗಾರ ಮೀನುಗಳನ್ನು ಹಿಡಿದು ಮಾರಿದರೆ ಮನೆಯಲ್ಲಿ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಆತನಿಗೆ ಗಾಳ ಹವ್ಯಾಸವಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು.

ಉದ್ದವಾದ ಹಗ್ಗಕ್ಕೆ ಸಾಲಾಗಿ ಕೊಕ್ಕೆಗಳನ್ನು ಕಟ್ಟಿ ನೀರಿನಲ್ಲಿ ಬಿಡುವುದು ಅವನ ಪದ್ಧತಿ. ಒಂದೊಂದು ಕೊಕ್ಕೆಗೂ ಒಂದೊಂದು ಸಣ್ಣ ಮೀನನ್ನು ಎರೆಯಾಗಿ ಸಿಕ್ಕಿಸಬೇಕು. ಕೊಕ್ಕೆಗಳ ಲೆಕ್ಕ ಸಾವಿರದವರೆಗೂ ಹೋಗುತ್ತಿತ್ತೆಂದು ಅವನ ಕಥೆ ಬಲ್ಲವರು ಹೇಳುತ್ತಾರೆ. ನೀವೇ ಯೋಚಿಸಿ. ದೊಡ್ಡ ಮೀನು ಹಿಡಿಯುವುದಕ್ಕೆ ಮೊದಲು ಅಷ್ಟು ಸಣ್ಣ ಮೀನು ಹಿಡಿಯಬೇಕು, ಹಿಡಿದದ್ದನ್ನು ಸಿಕ್ಕಿಸಬೇಕು, ಸತ್ತದ್ದನ್ನು, ಕಳಚಿದ್ದನ್ನು ಮತ್ತೆ ಬದಲಾಯಿಸಬೇಕು. ಹಗಲಿನ ಅರ್ಧ ಎರೆಗೇ ಸಂದುಹೋಗುತ್ತಿತ್ತು. ಇಂಥವನಿಗೆ ಸಾಯದ, ಕೊಳೆಯದ, ದಿನವೂ ಹೊಸದಾಗಿ ಹುಡುಕಬೇಕಾಗಿಲ್ಲದ ಒಂದು ಎರೆ ಸಿಕ್ಕಿದರೆ ಮನೆಯ ಸ್ಥಿತಿಯೇ ಬದಲಾದೀತು.

ದೋಣಿಯ ಹುಟ್ಟು ಹಾಕುತ್ತ ಹಾಕುತ್ತ ಆತ ನೀರಿನೊಳಗೆ ನೋಡುತ್ತಿದ್ದ. ಸಣ್ಣ ಮೀನುಗಳು ಗುಂಪಾಗಿ ಹೋಗುತ್ತಿರುತ್ತವೆ. ಬೇಟೆಗಾರ ಮೀನು ಮರೆಯಲ್ಲಿ ಕಾದಿರುತ್ತದೆ. ತಟಕ್ಕನೆ ಗುಂಪಿನೊಳಕ್ಕೆ ನುಗ್ಗುತ್ತದೆ. ನುಗ್ಗಿ ಹಿಡಿಯುವುದು ಯಾವುದನ್ನು? ಮುಂದೆ ಇರುವುದನ್ನಲ್ಲ, ಕೊಬ್ಬಿದ್ದನ್ನೂ ಅಲ್ಲ. ಗುಂಪಿನಲ್ಲಿ ಒಂದು ಮರಿ ಸ್ವಲ್ಪ ಓರೆಯಾಗಿ, ಕುಂಟುತ್ತ, ತಾಳ ತಪ್ಪಿ ಈಜುತ್ತಿದ್ದರೆ ಅದರ ಮೇಲೆಯೇ ಎರಗುತ್ತದೆ. ಹಾಗಾದರೆ ನೇರವಾಗಿ, ಅಂದವಾಗಿ ಈಜುವ ಹುಸಿ ಮೀನನ್ನು ಮಾಡಿ ಏನು ಪ್ರಯೋಜನ? ಮಾಡಬೇಕಾದದ್ದು ಕುಂಟು ಮೀನನ್ನು.

ಕುಶಲಕರ್ಮಿಗಳ ಲೋಕದಲ್ಲಿ ಇದು ತಲೆಕೆಳಗಾದ ವಿಚಾರ. ಬಡಗಿ ಕಾಲು ಅಲುಗುವ ಮಣೆಯನ್ನು ಬೇಕೆಂದು ಮಾಡುತ್ತಾನೆಯೆ? ಆದರೆ ರಾಪಾಲ 1936ರಲ್ಲಿ ಬೆಂಡಿನ ತುಂಡೊಂದನ್ನು ಹಿಡಿದು, ಚಮ್ಮಾರರ ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಿಂದ ತಿಕ್ಕಿ, ಅಂಥದೊಂದು ಮೀನನ್ನು ಮಾಡಿದ. ಹೊಳಪಿಗೆ ಬೆಳ್ಳಿ ಎಲ್ಲಿಂದ ತರಬೇಕು? ಚಾಕೊಲೇಟು, ಗಿಣ್ಣಿನ ಗಡ್ಡೆಗಳಿಗೆ ಸುತ್ತಿ ಬರುವ ಲೋಹದ ಹಾಳೆಯನ್ನೇ ಮೈಗೆ ಸುತ್ತಿದ. ನೀರು ಇಳಿಯದಂತೆ ಮೇಲೆ ಬಳಿಯಲು ಮೆರುಗೆಣ್ಣೆಯಿಲ್ಲ. ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಮನೆಯಲ್ಲಿ ನೀವು ಇದನ್ನು ಮಾತ್ರ ಅನುಕರಿಸಬೇಡಿ. ಆ ಕಾಲದ ಫಿಲ್ಮುಗಳಲ್ಲಿ ಹಲವು ಬೆಂಕಿ ಕಂಡರೆ ಭಗ್ಗನೆ ಹತ್ತಿಕೊಳ್ಳುವಂಥವು.

ಈ ಎರೆಯನ್ನು ದಾರಕ್ಕೆ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ಹೋದಾಗ ಅದು ಪಕ್ಕದಿಂದ ಪಕ್ಕಕ್ಕೆ ಹೊರಳುತ್ತ, ಗಾಯಗೊಂಡ ಮರಿಯಂತೆ ಒದ್ದಾಡಿತು. ಬೇಟೆಗಾರ ಮೀನುಗಳು ಒಪ್ಪಿದವು. ಕೆಲವು ದಿನ ಆತ 600 ಪೌಂಡು ಮೀನು ಹಿಡಿಯುತ್ತಿದ್ದನೆಂದು ಕಥೆಯುಂಟು. ಮೀನು ಹಿಡಿಯುವವರ ಲೆಕ್ಕಕ್ಕೆ ಎಲ್ಲ ದೇಶಗಳಲ್ಲಿಯೂ ಸ್ವಲ್ಪ ಮುರಿತ ಕಳೆಯುವುದು ವಾಡಿಕೆ. ಕಳೆದರೂ ಉಳಿದದ್ದು ಕಡಿಮೆಯೇನಲ್ಲ.

ಬೇಟೆಗಾರ ಮೀನಿಗೆ ಕುಂಟನ ಮೇಲೆ ಏಕೆ ಇಷ್ಟು ಕಣ್ಣು? ಕನಿಕರವಿಲ್ಲದ ಪ್ರಾಣಿಯೆಂದು ಬೈದರೆ ಉತ್ತರ ಸಿಕ್ಕುವುದಿಲ್ಲ. 1986ರಲ್ಲಿ ಲ್ಯಾಂಡೋ ಮತ್ತು ಟರ್ಬೋರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಗಲ ಬಾಯಿಯ ಬಾಸ್ ಎಂಬ ಬೇಟೆಗಾರ ಮೀನಿನ ಮುಂದೆ ಬೆಳ್ಳಿಯ ಬಣ್ಣದ ಒಂದೇ ಒಂದು ಸಣ್ಣ ಮೀನನ್ನು ಬಿಟ್ಟರೆ ಬೇಗ ಹಿಡಿಯುತ್ತಿತ್ತು. ಒಂದೇ ತೆರನಾದ ಎಂಟು ಮೀನುಗಳ ಗುಂಪನ್ನು ಬಿಟ್ಟರೆ ತಬ್ಬಿಬ್ಬಾಗುತ್ತಿತ್ತು. ಯಾವುದರ ಹಿಂದೆ ಬೀಳಬೇಕೆಂದು ತೋಚದೆ ಸೋಲುತ್ತಿತ್ತು. ಆ ಎಂಟರಲ್ಲಿ ಒಂದೆರಡಕ್ಕೆ ನೀಲಿ ಬಣ್ಣ ಹಾಕಿ ಬಿಟ್ಟಾಗ ಬೇಟೆ ಮತ್ತೆ ಸುಲಭವಾಯಿತು. ಜಾತ್ರೆಯ ನೂಕುನುಗ್ಗಲಿನಲ್ಲಿ ನಮ್ಮ ಮಗುವನ್ನು ಹುಡುಕುವಾಗ ಕೆಂಪು ಅಂಗಿ ತೊಡಿಸಿದ್ದರೆ ನಮಗೂ ಹಾಗೆಯೇ ಅನುಕೂಲವಲ್ಲವೆ? ಗುಂಪು ಕಣ್ಣನ್ನು ಗಲಿಬಿಲಿಗೊಳಿಸುತ್ತದೆ. ಬೇರೆಯಾಗಿ ಕಾಣುವುದು ಗುರಿ ಕೊಡುತ್ತದೆ.

ಕಣ್ಣಲ್ಲದೆ ಮೀನಿಗೆ ಇನ್ನೊಂದು ಇಂದ್ರಿಯವೂ ಉಂಟು. ಮೈಯ ಎರಡು ಪಕ್ಕಗಳಲ್ಲಿಯೂ ಕಿವಿರಿನ ಹತ್ತಿರದಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದೆ. ಮೀನಿನ ಪೇಟೆಗೆ ಹೋಗುವವರು ಇದನ್ನು ಗಮನಿಸಿರಬಹುದು. ಆ ಗೆರೆಯ ಗುಂಟ ಇರುವ ಸೂಕ್ಷ್ಮ ಅಂಗಗಳು ನೀರಿನ ಅಲುಗಾಟವನ್ನು ಗ್ರಹಿಸುತ್ತವೆ. ಹತ್ತಿರದಲ್ಲಿ ಏನಾದರೂ ಬಡಬಡನೆ ಒದ್ದಾಡಿದರೆ ಮಬ್ಬುನೀರಿನಲ್ಲಿಯೂ ಅದಕ್ಕೆ ಸುದ್ದಿ ಮುಟ್ಟುತ್ತದೆ. ಹೀಗೆ ಕುಂಟು ಎರೆ ಕಣ್ಣಿಗೂ ಸಂದೇಶ ಕಳುಹಿಸುತ್ತದೆ, ಮೈಗೂ ಕಳುಹಿಸುತ್ತದೆ.

ಬೆಂಡಿನ ತುಂಡಿಗೆ ಕುಂಟುವುದನ್ನು ಕಲಿಸುವುದು ಹೇಗೆಂದು ನೀವು ಕೇಳಬಹುದು. ಇದನ್ನು ನಿಮ್ಮ ಮನೆಯ ಬಚ್ಚಲ ತೊಟ್ಟಿಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಕೊಕ್ಕೆ ಬೇಡ, ಮೀನೂ ಬೇಡ. ರಜೆಯಲ್ಲಿ ಮನೆ ತಲೆಯ ಮೇಲೆ ಹೊತ್ತುಕೊಂಡಿರುವ ಹುಡುಗರಿದ್ದರೆ ಅವರನ್ನು ಈ ಕೆಲಸಕ್ಕೆ ಹಚ್ಚಿ. ಹಾಲವಾಣದ್ದೋ ಬೂರುಗದ್ದೋ ಚೆನ್ನಾಗಿ ಒಣಗಿದ ಹಗುರವಾದ ತುಂಡೊಂದನ್ನು ಬೆರಳುದ್ದ ಮೀನಿನಾಕಾರಕ್ಕೆ ಕೆತ್ತಿಸಿ. ಮೂತಿಗೆ ತಂತಿಯ ಚಿಕ್ಕ ಕುಣಿಕೆಯೊಂದನ್ನು ಚುಚ್ಚಿ, ದಾರ ಕಟ್ಟಿ, ತೊಟ್ಟಿಯ ಈ ಕಡೆಯಿಂದ ಆ ಕಡೆಗೆ ಎಳೆಯಿರಿ. ಅದು ಕಡ್ಡಿಯಂತೆ ಮೇಲುಮೇಲೆ ಜಾರಿಕೊಂಡು ಬರುತ್ತದೆ. ಇದು ಮೊದಲ ಪರೀಕ್ಷೆ.

ಎರಡನೆಯದಾಗಿ, ಹೆಬ್ಬೆರಳಿನ ಉಗುರಿನಷ್ಟು ತಗಡನ್ನು, ಅಂಚಿನ ಹರಿತ ತೆಗೆದು, ಗದ್ದದ ಕೆಳಗೆ ಮುಂದಕ್ಕೂ ಕೆಳಕ್ಕೂ ಚಾಚಿರುವಂತೆ ಓರೆಯಾಗಿ ಕೂರಿಸಿ. ಈಗ ಎಳೆದರೆ ನೀರು ತಗಡಿಗೆ ಅಡ್ಡ ಬಂದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ತೇಲುತ್ತಿದ್ದದ್ದು ಮುಳುಗುತ್ತದೆ. ತಗಡಿನ ಅಂಚಿನಿಂದ ನೀರು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಸುಳಿಯಾಗಿ ಕಳಚಿಕೊಳ್ಳುತ್ತದೆ. ಆದರೆ ಮೀನು ಕುಂಟುವುದಕ್ಕೆ ಬದಲಾಗಿ ಬುಗುರಿಯಂತೆ ತಿರುಗಿ ದಾರವನ್ನು ಹುರಿಗೊಳಿಸಿಬಿಡಬಹುದು. ಆಗ ಮೂರನೆಯ ಪರೀಕ್ಷೆ: ಹೊಟ್ಟೆಯ ಅಡಿಯಲ್ಲಿ ಗಾಡಿ ಮಾಡಿ ಲೋಹದ ತುಣುಕೊಂದನ್ನು ಸೇರಿಸಿ. ಅಡಿಯಲ್ಲಿ ಭಾರವಿದ್ದರೆ ಪಕ್ಕಕ್ಕೆ ವಾಲಿದ ಮೈ ಮತ್ತೆ ನೆಟ್ಟಗಾಗಲು ಯತ್ನಿಸುತ್ತದೆ. ಸುಳಿ ಮತ್ತೆ ವಾಲಿಸುತ್ತದೆ. ಈ ಜಗ್ಗಾಟವೇ ಕುಂಟು. ಆದರೆ ಭಾರ ಹೆಚ್ಚಿದರೆ ಜೀವ ಹೋದಂತೆ ಸುಮ್ಮನೆ ಬರುತ್ತದೆ. ರಾಪಾಲ ಬೆಂಡನ್ನು ಆರಿಸಿದ್ದರ ಲಾಭ ಇಲ್ಲಿದೆ. ಬೆಂಡಿನ ತೂಕ ಅಷ್ಟೇ ಗಾತ್ರದ ನೀರಿನ ತೂಕದ ಕಾಲು ಭಾಗಕ್ಕಿಂತಲೂ ಕಡಿಮೆ. ಹಗುರವಾದದ್ದು ಚಿಕ್ಕ ಸುಳಿಗೂ ಓಗೊಡುತ್ತದೆ. ನಿಧಾನವಾಗಿ ಎಳೆದರೂ ಕುಣಿಯುತ್ತದೆ. ಮುಂದೆ ಬೆಂಡಿಗೆ ಬದಲಾಗಿ ಅಷ್ಟೇ ಹಗುರವಾದ ಬಾಲ್ಸಾ ಮರವನ್ನು ಬಳಸತೊಡಗಿದರು.

ಇನ್ನೊಂದು ಸೂಕ್ಷ್ಮ ಉಳಿಯಿತು. ಮೀನು ಎಡಕ್ಕೆ ಸೆಳೆದುಕೊಂಡು ಹೋಗುತ್ತಿದ್ದರೆ ಮೂತಿಯ ಕುಣಿಕೆಯನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಬೇಕು. ಬಲಕ್ಕೆ ಹೋಗುತ್ತಿದ್ದರೆ ಎಡಕ್ಕೆ. ಕುಂಟಬೇಕು, ಆದರೆ ದಾರಿ ತಪ್ಪಬಾರದು! ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ತಗಡು, ಭಾರ, ಕುಣಿಕೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸುಧಾರಿಸಿತು ಎಂಬುದು ತಿಳಿಯುವುದಿಲ್ಲ. ಒಗ್ಗರಣೆ, ಉಪ್ಪು, ಹುಳಿ ಮೂರನ್ನೂ ಒಂದೇ ದಿನ ಹೆಚ್ಚುಕಡಿಮೆ ಮಾಡಿ ಸಾರಿನ ರುಚಿಗೆ ಕಾರಣ ಹುಡುಕಿದಂತೆ ಆದೀತು. ಕೈಯಿಂದ ಕೆತ್ತಿದ ಎರಡು ತುಂಡುಗಳು ಎಂದಿಗೂ ಒಂದೇ ಆಗಿರುವುದಿಲ್ಲ. ಆದ್ದರಿಂದಲೇ ರಾಪಾಲನೂ, ಮುಂದೆ ಅವನ ಮಕ್ಕಳೂ ಮಾಡಿದ ಪ್ರತಿಯೊಂದು ಎರೆಯನ್ನೂ ನೀರಿನಲ್ಲಿ ಎಳೆದು ನೋಡಿ, ಕುಣಿಕೆ ತಿದ್ದಿ, ಕುಂಟು ಸರಿಯಾಯಿತೆಂದು ಕಂಡ ಮೇಲೆಯೇ ಹೊರಗೆ ಕಳುಹಿಸುತ್ತಿದ್ದರು.

ಆ ಹಳ್ಳಿಯ ಎರೆ ಲೋಕಕ್ಕೆ ಗೊತ್ತಾದ ಬಗೆಯೂ ವಿನೋದವಾಗಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಪಂದ್ಯಗಳು ನಡೆದಾಗ ಬಂದ ವಿದೇಶೀಯರಲ್ಲಿ ಕೆಲವರು ಇದನ್ನು ಕೊಂಡು ಊರಿಗೆ ಒಯ್ದರು. 1960ರ ಸುಮಾರಿಗೆ ಅಮೆರಿಕದ ಮಿನೆಸೋಟಾದಲ್ಲಿ ರಾನ್ ವೆಬರ್, ರೇ ಆಸ್ಟ್ರಮ್ ಎಂಬ ಇಬ್ಬರು ತರಿಸಿ ಮಾರತೊಡಗಿದರು. 1962ರ ಆಗಸ್ಟ್ 17ರ ‘ಲೈಫ್’ ಪತ್ರಿಕೆಯಲ್ಲಿ ಈ ಎರೆಯ ಮೇಲೆ ಒಂದು ಲೇಖನ ಬಂತು. ಅದೇ ತಿಂಗಳು ನಟಿ ಮರಿಲಿನ್ ಮನ್ರೋ ತೀರಿಕೊಂಡಿದ್ದಳು. ಆ ಸಂಚಿಕೆಯ ಮುಖಪುಟದಲ್ಲಿ ಅವಳದೇ ಚಿತ್ರ. ಆ ಸಂಚಿಕೆಗಾಗಿ ಜನ ಮುಗಿಬಿದ್ದರು. ನಟಿಯ ಚಿತ್ರ ನೋಡಲು ಕೊಂಡವರು ಒಳಪುಟದಲ್ಲಿ ಬೆಂಡಿನ ಮೀನನ್ನೂ ಕಂಡರು. ಮೂವತ್ತು ಲಕ್ಷ ಎರೆಗಳಿಗೆ ಬೇಡಿಕೆ ಬಂತೆಂದು ಹೇಳುತ್ತಾರೆ. ಮನೆಮಂದಿಯ ಕಸುಬು ಕಾರ್ಖಾನೆಯಾಯಿತು. ರಾಪಾಲ 1974ರಲ್ಲಿ ತೀರಿಕೊಂಡ. ಅವನ ಹೆಸರಿನ ಎರೆಗಳು ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಗುತ್ತಿವೆ.

ಇಷ್ಟು ಕೇಳಿದ ಮೇಲೆ ನಮ್ಮ ಹೊಳೆ ಕೆರೆಗಳ ನೆನಪಾಗದೆ ಇರದು. ಗಾಳದ ಶಾಸ್ತ್ರ ನಮಗೂ ಹೊರಗಿನದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿಯೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡು ತೂಗಿತು. ಆದರೆ ಅಂಥ ಮೀನುಗಳ ಕಾಲ ಈಗ ಹಿಂದಾಯಿತು. ಕಾವೇರಿಯ ಬೆನ್ನುಬ್ಬಿದ ಮಹಶೀರಿಗೆ ವಿಜ್ಞಾನಿಗಳು ಸರಿಯಾದ ಶಾಸ್ತ್ರೀಯ ನಾಮವನ್ನು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೂ ಸೇರಿಸಬೇಕಾಯಿತು. ನಾಮಕರಣವೂ ಅಪಾಯದ ಗಂಟೆಯೂ ಒಂದೇ ವರ್ಷ!

ಆದ್ದರಿಂದ ಗಾಳ ಹಿಡಿಯುವ ಹವ್ಯಾಸವುಳ್ಳವರಿಗೆ ಒಂದೆರಡು ಮಾತು. ಎಲ್ಲಿ ನಿಷೇಧವಿದೆಯೋ ಅಲ್ಲಿ ಗಾಳವೆತ್ತಬೇಡಿ. ಅನುಮತಿಯಿರುವ ಕೆರೆ ಹೊಳೆಗಳಲ್ಲಿಯೂ ಕೇಳಿಕೊಂಡು ಇಳಿಯಿರಿ. ಜೀವವಿರುವ ಎರೆಯನ್ನು ಮೀನು ಗಂಟಲಾಳಕ್ಕೆ ನುಂಗಿಬಿಡುವುದುಂಟು. ಆಗ ಬಿಟ್ಟರೂ ಬದುಕುವುದು ಕಷ್ಟ. ಹುಸಿ ಎರೆಯಾದರೆ ಕೊಕ್ಕೆ ಸಾಮಾನ್ಯವಾಗಿ ತುಟಿಯ ಬಳಿಯೇ ನಾಟುತ್ತದೆ. ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆ ಬಳಸಿ, ಒದ್ದೆಗೈಯಲ್ಲಿ ಹಿಡಿದು, ಬೇಗ ಬಿಟ್ಟರೆ ಮೀನು ತನ್ನ ದಾರಿ ಹಿಡಿದು ಹೋಗುತ್ತದೆ. ಕೊರವ ಮೀನಿನ ತಂದೆತಾಯಿಗಳು ಮರಿಗಳ ಗುಂಪನ್ನು ಕಾಯುತ್ತ ಜೊತೆಯಲ್ಲಿಯೇ ಸುತ್ತುತ್ತಿರುತ್ತವೆ. ಆ ಹೊತ್ತಿನಲ್ಲಿ ಎದುರಿಗೆ ಬಂದದ್ದಕ್ಕೆಲ್ಲ ಅವು ಸಿಟ್ಟಿನಿಂದ ಬಾಯಿ ಹಾಕುತ್ತವೆ. ಹಾಗೆ ಹಿಡಿಯುವುದು ಸುಲಭ, ಸುಲಭವೆಂದೇ ಹಿಡಿಯಬಾರದು. ತಾಯಿಯನ್ನು ಎತ್ತಿದರೆ ಮರಿಗಳ ಗುಂಪೇ ಇತರರ ಪಾಲಾಗುತ್ತದೆ.

ಹುಸಿ ಎರೆ ಸತ್ಯವನ್ನು ನೋಡದೆ ಮಾಡಿದ ಸುಳ್ಳಲ್ಲ. ನೀರಿನಲ್ಲಿ ನಿಜವಾಗಿ ನಡೆಯುವುದನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡಿದವನಿಗೆ ಮಾತ್ರ ಅದು ಕೈಗೂಡಿತು. ಅಂಗಡಿಯವರು ಅಂದವೆಂದದ್ದನ್ನು ರಾಪಾಲ ಒಪ್ಪಿಕೊಳ್ಳಲಿಲ್ಲ; ತನಗೆ ತೋಚಿದ್ದನ್ನೂ ನೀರಿಗೆ ಇಳಿಸಿ ನೋಡದೆ ನಂಬಲಿಲ್ಲ. ನಮ್ಮ ಮನೆಯ ಒಲೆಯಾಗಲಿ, ಹೊಲದ ನೇಗಿಲಾಗಲಿ, ಶಾಲೆಯ ಪಾಠವಾಗಲಿ, ಹೊಸದಾಗಿ ಏನನ್ನು ಮಾಡಿದರೂ ಅದಕ್ಕೊಂದು ನೀರಿನ ತೊಟ್ಟಿ ಇದ್ದೇ ಇರುತ್ತದೆ. ಅದರಲ್ಲಿ ಇಳಿಸಿ ಎಳೆದು ನೋಡುವಷ್ಟು ಸಹನೆ ನಮಗಿರಬೇಕು. ತೀರ್ಪು ಹೇಳುವ ಹಕ್ಕು ಮಾಡಿದವನದೂ ಅಲ್ಲ, ಮಾರುವವನದೂ ಅಲ್ಲ, ಅದನ್ನು ಬಳಸಬೇಕಾದವರದು. ಮೀನಿನ ವಿಷಯದಲ್ಲಿ, ಆ ನ್ಯಾಯಾಧೀಶರು ನೀರಿನೊಳಗೆ ಕುಳಿತಿದ್ದಾರೆ, ಅಷ್ಟೆ.